ದನದ ಆಸ್ಪತ್ರೆಯ ನೈಟ್ರೋಜನ್

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಎರಡು ಭಾಗಗಳ ನಡುವೆ ಗಟ್ಟಿ ಪಾಲಿಥೀನಿನ ಒಂದು ಬಿಲ್ಲೆ ಇಡುತ್ತಾರೆ. ಕ್ರಿಮಿ ಉಳಿಯದಿರಲೆಂದು ಅದಕ್ಕೆ ಮೊದಲೇ ಗಾಮಾ ಕಿರಣ ಹಾಯಿಸುವುದುಂಟು. ಆಗ ಪ್ಲಾಸ್ಟಿಕ್ಕಿನ ಉದ್ದನೆಯ ಸರಪಳಿಗಳಲ್ಲಿ ಅಲ್ಲಲ್ಲಿ ಬಂಧ ಕಡಿದು, ಜೋಡಿ ಕಳೆದುಕೊಂಡ ಎಲೆಕ್ಟ್ರಾನುಗಳು ಉಳಿಯುತ್ತವೆ. ಅವೇ ಫ್ರೀ ರ್‍ಯಾಡಿಕಲ್‌ಗಳು. ಮುಂದೆ ಆ ಬಿಲ್ಲೆ ಸವೆದು ಪುಡಿಯಾಗುವುದು ಅಲ್ಲಿಂದಲೇ ಶುರು. ಅವು ಹುಟ್ಟಿದ ಹೊಸದರಲ್ಲಿ ಹೇಗಿರುತ್ತವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು.

ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಪ್ರಯೋಗ ಕೈಕೊಟ್ಟರೂ ಕೈಹಿಡಿದರೂ ಸಂಜೆ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡುತ್ತಿದ್ದೆ. ಅವರು ತೀರಿಕೊಂಡ ಮೇಲೆ ಸಂಜೆಗಳು ಬಲು ಉದ್ದವಾದವು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಯಾರೂ ನನ್ನ ಪ್ರಯೋಗದ ವಿಷಯ ಎತ್ತುತ್ತಿರಲಿಲ್ಲ.

ರ್‍ಯಾಡಿಕಲ್‌ಗಳನ್ನು ಗುರುತಿಸುವ ಸ್ಪೆಕ್ಟ್ರೋಮೀಟರ್ ಯಂತ್ರ ಇದ್ದದ್ದು ಕೇರಳದಲ್ಲಿ. ಕಿರಣ ಹಾಯಿಸಿದ ಚೂರುಗಳನ್ನು ಸಣ್ಣ ಗಾಜಿನ ನಳಿಗೆಗಳಲ್ಲಿಟ್ಟು, ದ್ರವ ನೈಟ್ರೋಜನ್ ತುಂಬಿದ ಫ್ಲಾಸ್ಕಿನಲ್ಲಿ ಮುಳುಗಿಸಿ ಒಯ್ಯಬೇಕು. ಕೊಂಚ ಬೆಚ್ಚಗಾದರೂ ರ್‍ಯಾಡಿಕಲ್‌ಗಳು ರೂಪ ಬದಲಿಸಿಬಿಡುತ್ತವೆ. ಅವತ್ತು ನೈಟ್ರೋಜನ್ ಆವಿ ಹೊರಹೋಗಲೆಂದು ಬಾಡಿಗೆ ಕಾರಿನ ಕಿಟಕಿ ಇಳಿಸಿಕೊಂಡು ಹೊರಟೆ. ತೆರಕಣಾಂಬಿ ದಾಟುವಷ್ಟರಲ್ಲಿ ಫ್ಲಾಸ್ಕಿನ ಹೊರಮೈಗೆ ಬೆಳ್ಳಗೆ ಮಂಜು ಕಟ್ಟಿತು. ಚಳಿಯನ್ನು ಒಳಗೇ ಹಿಡಿದಿಡುವ, ಎರಡು ಗೋಡೆಗಳ ನಡುವಿನ ನಿರ್ವಾತ ಹೋಗಿತ್ತು. ಘಟ್ಟ ಇಳಿಯುವುದರೊಳಗೆ ನೈಟ್ರೋಜನ್ ಆರಿಹೋಗುತ್ತದೆ, ಆ ಯಂತ್ರ ಬಳಸಲು ತಿಂಗಳುಗಟ್ಟಲೆ ಕಾದು ಪಡೆದ ಅವಕಾಶವೂ ಅದರ ಜೊತೆಗೇ.

ಗುಂಡ್ಲುಪೇಟೆಯಲ್ಲಿ ಈರುಳ್ಳಿ ಲಾರಿಗಳ ಹಿಂದೆ ಕಾರು ನಿಂತಾಗ ನನಗೆ ದನದ ಆಸ್ಪತ್ರೆ ನೆನಪಾಯಿತು. ಹೋರಿಯ ವೀರ್ಯ ತುಂಬಿದ ಸಣ್ಣ ಕಡ್ಡಿಗಳನ್ನು ಇಡುವುದೂ ದ್ರವ ನೈಟ್ರೋಜನ್ನಿನಲ್ಲೇ. ಅಲ್ಲಿ ಹಸುಗಳಿಗೆ ಗರ್ಭದ ಇಂಜೆಕ್ಷನ್ ಕೊಡುವ ಹಿರಿಯರೊಬ್ಬರು ಸಿಕ್ಕಿದರು. ನನ್ನ ಅವಸರ ಕಂಡು, ತಮ್ಮ ಬೈಕಿನ ಮೇಲೆ ಒಯ್ಯುವ ಸಣ್ಣ ಡಬ್ಬವನ್ನೇ ಖಾಲಿ ಮಾಡಿ, ದೊಡ್ಡದರಿಂದ ನೈಟ್ರೋಜನ್ ಬಗ್ಗಿಸಿದರು. ನಳಿಗೆಗಳನ್ನು ಒಂದೊಂದಾಗಿ ಅದಕ್ಕೆ ಬದಲಿಸಿದೆ.

“ಇದ್ರೊಳ್ಗೆ ಏನದೆ ಮೇಡಮ್ಮೋರೆ?” ಎಂದರು.

ಎರಡು ಮಾತಿನಲ್ಲಿ ಮುಗಿಸಬೇಕೆಂದುಕೊಂಡವಳು ಮಂಡಿಯ ಬಿಲ್ಲೆಯಿಂದ ಹಿಡಿದು ಎಲೆಕ್ಟ್ರಾನಿನ ತನಕ ಹೇಳಿಬಿಟ್ಟೆ. ಅವರು ಡಬ್ಬದ ಮುಚ್ಚಳ ಕೈಯಲ್ಲಿ ಹಿಡಿದೇ ಕೇಳಿದರು. ಬೆಚ್ಚಗಾದರೆ ಅವು ಸಾಯುತ್ತವೆಯೇ ಎಂದು ವಿಚಾರಿಸಿದರು. ಸಾಯುವುದಿಲ್ಲ, ಇನ್ನೊಂದಕ್ಕೆ ಅಂಟಿಕೊಂಡು ಬೇರೆಯೇ ಆಗಿಬಿಡುತ್ತವೆ ಎಂದೆ.

“ಅಂಗಾರೆ ನಮ್ ಕಡ್ಡಿಗಿಂತ್ಲೂ ಸೂಕ್ಷ್ಮ ಬುಡಿ. ಬಿರ್‍ನೆ ಓಗಿ.”

ಮರುದಿನ ಕೇರಳದ ಪ್ರಯೋಗಾಲಯದಲ್ಲಿ ಪರದೆಯ ಮೇಲೆ ಗೆರೆ ನಿಧಾನಕ್ಕೆ ಏರಿ ಇಳಿಯಿತು. ಆರು ಶಿಖರಗಳು, ನಡುವಿನವು ಎತ್ತರ, ಅಂಚಿನವು ಕುಳ್ಳು. ನಾನು ಹುಡುಕುತ್ತಿದ್ದ ರ್‍ಯಾಡಿಕಲ್ಲೇ, ಒಂದಿಷ್ಟೂ ಕೆಡದೆ ಬಂದಿತ್ತು. ಯಂತ್ರ ನಡೆಸುತ್ತಿದ್ದವರು ಚೆನ್ನಾಗಿ ಬಂದಿದೆ ಎಂದು ಮುಂದಿನವರ ಸ್ಯಾಂಪಲ್ ಕೈಗೆತ್ತಿಕೊಂಡರು. ಹೊರಗೆ ಬಂದು ಫೋನ್ ತೆಗೆದೆ. ಮಾರ್ಗದರ್ಶಕರ ನಂಬರು ಇನ್ನೂ ಅದರಲ್ಲಿತ್ತು. ಸ್ವಲ್ಪ ಹೊತ್ತು ನೋಡಿ ಒಳಗಿಟ್ಟೆ.

ವಾಪಸ್ ಬರುವಾಗ ಡಬ್ಬ ಹಿಂದಿರುಗಿಸಲು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದೆ. ಹಿರಿಯರು ಹಂಗಳದ ಕಡೆ ಯಾವುದೋ ಹಸುವಿಗೆಂದು ಬೈಕ್ ಹತ್ತುವುದರಲ್ಲಿದ್ದರು. ನನ್ನನ್ನು ಕಂಡು ಇಳಿದರು. ಗೆರೆ ಮೂಡಿದ ಹಾಳೆ ತೋರಿಸಿದೆ. ಅದನ್ನು ಬೆಳಕಿಗೆ ಹಿಡಿದು ಆರನ್ನೂ ಬೆರಳಿಟ್ಟು ಎಣಿಸಿದರು. ಅವರ ಮುಖ ಅರಳಿತು.

“ಮನೇಲಿ ಯೋಳುದ್ರಾ?”

“ಹೇಳಿದೆ,” ಅಂದೆ. “ಎಲ್ಲರಿಗೂ ಖುಷಿಯಾಯಿತು.”

ಅವರು ತಲೆಯಾಡಿಸಿ, ಡಬ್ಬವನ್ನು ಬೈಕಿಗೆ ಕಟ್ಟಿಕೊಂಡು ಹೊರಟರು. ಚಾಮರಾಜನಗರದ ಬಸ್ಸಿನಲ್ಲಿ ಹಾಳೆಯನ್ನು ಮತ್ತೊಮ್ಮೆ ಬಿಡಿಸಿ ತೊಡೆಯ ಮೇಲಿಟ್ಟುಕೊಂಡೆ. ತರಕಾರಿ ಚೀಲದೊಂದಿಗೆ ಹತ್ತಿದ ಹೆಂಗಸೊಬ್ಬರು ಕೊಂಚ ಜಾಗ ಕೇಳಿದರು. ಹಾಳೆ ಮಡಿಸಿ, ಕಿಟಕಿಯ ಕಡೆ ಸರಿದು ಕೂತೆ.