ಕತ್ತಲ ಕೋಟೆಯಲ್ಲಿ ಕವಳದ ಬಟ್ಟಲು

ಆ ಭಾನುವಾರ ನಾನು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಸೌತೆಕಾಯಿ ತೆಳ್ಳೇವು, ಅಂದರೆ ತೆಳು ದೋಸೆ, ಎರೆದೆ. ಹಂಡೆಯ ಮಸಿ ತಿಕ್ಕಿದೆ. ಮನೆಯಲ್ಲಿದ್ದ ಕಂಬಳಿ, ರಜಾಯಿಗಳನ್ನೆಲ್ಲ ತಾರಸಿಗೆ ಹೊತ್ತು ಬಿಸಿಲಿಗೆ ಹಾಕಿದೆ. ಅತ್ತೆಯ ಕನ್ನಡಕದ ಸಡಿಲವಾದ ಕಾಲನ್ನು ದಾರ ಸುತ್ತಿ ಬಿಗಿ ಮಾಡಿದೆ. ನಮ್ಮನೆಯವರ ಬುತ್ತಿ ಕಟ್ಟಿ ಕಳಿಸಿದೆ. ಉಪ್ಪಿನಕಾಯಿ ಭರಣಿಯ ಬಾಯಿಗೆ ಹೊಸ ಬಟ್ಟೆ ಕಟ್ಟಿದೆ. ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಬಟ್ಟೆ ಕಪಾಟಿನೊಳಗೆ ಕೂತು, ಸತ್ತು ನೂರಾರು ವರ್ಷವಾದ ರಾಣಿಯೊಬ್ಬಳ ಮಾತುಗಳನ್ನಾಡಿದೆ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾವಿರುವುದು ಶಿರಸಿಯಲ್ಲಿ, ಪಂಪ್‌ಸೆಟ್ ಸಾಮಾನಿನ ಅಂಗಡಿಯೊಂದರ ಮೇಲಿನ ಬಾಡಿಗೆ ಮನೆ. ನಾನು, ನಮ್ಮನೆಯವರು, ಅತ್ತೆ, ಮತ್ತು ನಾದಿನಿ. ನಾದಿನಿಗೆ ನಲವತ್ತೊಂದು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಝೆರಾಕ್ಸ್ ಅಂಗಡಿ ಇದೆ. ಮದುವೆ, ಉಪನಯನದ ಕರೆಯ ಕಾಗದಗಳನ್ನೂ ಮಾಡಿಕೊಡುತ್ತಾಳೆ. ಅಂಗಡಿ ಮುಚ್ಚಿ ಬಂದ ಮೇಲೆ ಅವಳು ಮಾಡುವ ಇನ್ನೊಂದು ಕೆಲಸದ ಬಗ್ಗೆ ನೆಂಟರಿಷ್ಟರಿಗೆ ಹೇಗೆ ಹೇಳುವುದೆಂದು ಗೊತ್ತಾಗದೆ ನಾವು ‘ಕಂಪ್ಯೂಟರಲ್ಲಿ ಎಂತದೋ ಮಾಡ್ತು’ ಎಂದು ಮುಗಿಸಿಬಿಡುತ್ತೇವೆ.

ಅವಳು ಮಾಡುವುದು ಆಟದ ಕಥೆ. ಹಳೆಯದೊಂದು ಕಂಪ್ಯೂಟರ್ ಆಟವಿದೆ. ಅದರಲ್ಲಿ ಆಡುವವನು ಒಬ್ಬ ಪಾತ್ರಧಾರಿಯಾಗಿ ಊರೂರು ತಿರುಗಿ, ಎದುರಾದವರ ಹತ್ತಿರ ಮಾತಾಡಿ, ಬೇಕಾದಲ್ಲಿ ಕತ್ತಿ ಬೀಸಿ, ಕಥೆಯನ್ನು ಮುಂದೆ ಸಾಗಿಸಬೇಕು. ಆಟ ತಯಾರಿಸಿದವರು, ಅಭಿಮಾನಿಗಳು ತಮ್ಮದೇ ಕಥೆ ಕಟ್ಟಿಕೊಳ್ಳಲಿ ಎಂದು ಅದರ ಜೊತೆಗೆ ಸಲಕರಣೆಗಳನ್ನೂ ಕೊಟ್ಟಿದ್ದಾರೆ. ಹಾಗೆ ಕಟ್ಟಿದ್ದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ನಾದಿನಿಗೆ ಕತ್ತಲಿನ ಕಥೆಗಳೇ ಇಷ್ಟ: ಸುಟ್ಟ ಊರು, ಮಂಜು, ಎಲುಬಿನ ಸೈನಿಕರು. ಈ ಮಾಡ್ಯೂಲಿನಲ್ಲಿ ಒಂದು ಕಣಿವೆಯ ಸೂರ್ಯನನ್ನೇ ಸತ್ತ ರಾಣಿಯೊಬ್ಬಳು ಕೋಟೆಯಲ್ಲಿ ಬೀಗ ಹಾಕಿ ಇಟ್ಟಿದ್ದಾಳೆ. ದಾರಿಹೋಕನೊಬ್ಬ ಆ ಬೀಗದ ಕೈ ತರಬೇಕು. ಕಣಿವೆಯ ರಸ್ತೆ ಮಾತ್ರ ಅರಬೈಲ್ ಘಟ್ಟದ್ದೇ. ನಮ್ಮನೆಯವರು ಗೂಡ್ಸ್ ಗಾಡಿ ಓಡಿಸುವವರು; ಅವರ ಪಕ್ಕದಲ್ಲಿ ಕೂತು ಹೋಗಿ ಅವಳು ಒಂದೊಂದೇ ತಿರುವನ್ನು ಹಾಳೆಯಲ್ಲಿ ಗೀಚಿಕೊಂಡು ಬಂದಿದ್ದಳು. ಕೋಟೆಯ ಹಿಂದಿನ ಪ್ರಪಾತಕ್ಕೆ ಮಾಗೋಡು ಜಲಪಾತದ ಆಳವಿದೆ.

ಆರು ವರ್ಷದ ಹಿಂದೆ ಮೊದಲನೆಯದೊಂದನ್ನು ಮಾಡಿ ಇಂಟರ್ನೆಟ್ಟಿನಲ್ಲಿ ಊರಿಗೆಲ್ಲ ಆಡಲು ಬಿಟ್ಟಿದ್ದಳು. ಎಲ್ಲಿಯವನೋ ಒಬ್ಬ ಆಡಿ ನೋಡಿ, ‘ಜಾಗ ಚೆನ್ನಾಗಿದೆ, ಜನ ಬೇಲಿಗೂಟದ ಹಾಗೆ ನಿಂತಿದ್ದಾರೆ’ ಎಂದು ಬರೆದ. ಅವಳು ಅದೇ ದಿನ ಅದನ್ನು ತೆಗೆದುಹಾಕಿದಳು. ವಾರಗಟ್ಟಲೆ ಊಟಕ್ಕೆ ಕೂತರೂ ಬೇಲಿಗೂಟದ್ದೇ ಮಾತು. ಹಾಗಾಗಿ ಈ ಸಲ ಪಾತ್ರಗಳ ಮಾತನ್ನು ನನಗೆ ವಹಿಸಿದಳು.

“ನೀನು ದಿನಾ ಡೈರಿ ಬರೀತೆ ಅಲ್ದಾ ಅತ್ತಿಗೆ? ಯಾರು ಎಂತ ಹೇಳಿದ, ಹೆಂಗೆ ಹೇಳಿದ ಎಲ್ಲ ಬರೀತೆ. ಇದೂ ಹಂಗೇಯ.”

“ಆನು ಬರಿಯದು ಹಾಲಿನವನ ಮಾತು. ದೆವ್ವದ ಮಾತು ನಂಗೆ ಎಲ್ಲಿ ಬತ್ತು?”

“ಹಾಲಿನವ ಸತ್ತು ದೆವ್ವ ಆದ ಹೇಳಿ ತಿಳ್ಕ.”

ಆ ಹಳೆ ಆಟದಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ. ಎಲ್ಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತವೆ. ಅದಕ್ಕೆ ಪರದೆಯ ಕೆಳಗೆ ಇಂಗ್ಲಿಷ್ ಸಾಲು, ಕಿವಿಗೆ ನಮ್ಮ ಮಾತು ಎಂದು ತೀರ್ಮಾನವಾಯಿತು. ಸೇತುವೆ ಕಾಯುವ ತಲೆಯಿಲ್ಲದ ಭಟನ ದನಿ ನಮ್ಮನೆಯವರದು. ರಾಣಿಯದು ನನ್ನದು. ರಸ್ತೆಯ ಸದ್ದು ಬರಬಾರದೆಂದು ಬಟ್ಟೆ ಕಪಾಟಿನೊಳಗೆ ರಜಾಯಿ ಹೊದೆಸಿ ಅದರ ನಡುವೆ ಕೂರುತ್ತಿದ್ದೆ. ಆದರೂ ರಾಣಿ ಬೀಳುವಾಗಿನ ಉದ್ಗಾರದ ಹಿಂದೆ ನಮ್ಮ ಕುಕ್ಕರಿನ ಎರಡನೇ ಸೀಟಿ ಸೇರಿಹೋಗಿದೆ. ‘ಇರಲಿ, ಹೆದರಿಕೆ ಬತ್ತು’ ಎಂದು ನಾದಿನಿ ಉಳಿಸಿಕೊಂಡಳು.

ಒಂದೇ ಒಂದು ಸಾಲಿನ ಬಗ್ಗೆ ನಮಗೆ ಜಟಾಪಟಿ ಆಗಿತ್ತು. ದಾರಿಹೋಕ ಕೋಟೆಯೊಳಗೆ ಬಂದ ಕೂಡಲೇ ರಾಣಿ ಏನು ಹೇಳಬೇಕು? ನಾನು ಬರೆದದ್ದು: “ಬಾ. ಕಾಲು ತೊಳ್ಕ. ಆಸ್ರಿಗೆ ಎಂತ ಬೇಕು?”

ನಮ್ಮ ಕಡೆ ಯಾರೇ ಹೊಸ್ತಿಲು ದಾಟಿದರೂ ಮೊದಲು ಕುಡಿಯಲು ಕೊಡಬೇಕು. ನೀರು ಬೆಲ್ಲವೋ, ಮಜ್ಜಿಗೆಯೋ, ಆಸ್ರಿಗೆ ಕೇಳದೆ ಯಾರೂ ಮುಂದಿನ ಮಾತಾಡುವುದಿಲ್ಲ. ನಾದಿನಿ ತಲೆ ಚಚ್ಚಿಕೊಂಡಳು. “ಅತ್ತಿಗೆ, ಅದು ಪಿಶಾಚಿ. ಪಿಶಾಚಿ ಆಸ್ರಿಗೆ ಕೇಳ್ತಿಲ್ಲೆ.” ನಾನು, “ರಾಣಿ ಹೌದೋ ಅಲ್ದೋ? ದೊಡ್ಡ ಮನೆ ಹೌದೋ ಅಲ್ದೋ?” ಎಂದೆ. ಕೊನೆಗೆ ವಾದ ಮಾಡಿ ಸಾಕಾಗಿ ಬಿಟ್ಟಳು. ಕುಡಿಯಬಹುದು, ಕುಡಿಯದೆಯೂ ಇರಬಹುದು, ಕುಡಿದರೆ ಆಯಾಸ ಹೋಗುತ್ತದೆ ಎಂದು ಒಂದು ಕಂಚಿನ ಚೊಂಬನ್ನೂ ಇಟ್ಟಳು. ಅದಾದ ಮೇಲೆ ಯುದ್ಧ. ರಾಣಿ ಬಿದ್ದರೆ ಬೀಗದ ಕೈ ಸಿಗುತ್ತದೆ.

ಆ ಭಾನುವಾರ ರಾತ್ರಿ ಎಂಟು ಗಂಟೆಗೆ ಕೊನೆಯ ಗಡುವು. ಆ ಆಟದ ಅಭಿಮಾನಿಗಳು ಪ್ರತಿ ಬೇಸಿಗೆಗೆ ಹೊಸ ಮಾಡ್ಯೂಲ್‌ಗಳನ್ನೆಲ್ಲ ಒಂದು ಕಡೆ ಸೇರಿಸುತ್ತಾರಂತೆ. ತೆಳ್ಳೇವು ತಿನ್ನುತ್ತ ನಾದಿನಿ ಹೇಳಿದಳು: “ಇವತ್ತು ಇಬ್ಬರ ಹತ್ರ ಆಡಿಸಿ ನೋಡ್ತೆ. ಇಬ್ಬರೂ ಕೊನೆವರೆಗೆ ಖುಷಿಯಿಂದ ಆಡಿದ್ರೆ ಕಳಿಸ್ತೆ. ಇಲ್ಲದಿದ್ರೆ ಅಳಿಸಿ ಹಾಕ್ತೆ. ಮತ್ತೆ ಈ ಸುದ್ದಿಗೇ ಹೋಗ್ತ್ನಿಲ್ಲೆ.” ಅವಳು ಮೂರು ವರ್ಷ ಕೂತ ಕೆಲಸ. ಆಡಿದ ಮಾತನ್ನು ಮಾಡಿಯೇ ತೀರುವ ಜನ ಅವಳು ಎಂದು ನನಗೆ ಗೊತ್ತಿತ್ತು. ತೆಳ್ಳೇವು ಮಗುಚುವುದನ್ನು ಮರೆತು ಒಂದು ಕರಕಲಾಯಿತು.

ಮೊದಲು ಅತ್ತೆ. ಫೋನಿನಲ್ಲಿ ಇಸ್ಪೀಟು ಆಡಿ ಆಡಿ ಅವರಿಗೆ ಪರದೆಯ ಭಯವಿಲ್ಲ. ಇಂಗ್ಲಿಷ್ ಸಾಲುಗಳನ್ನು ಪಕ್ಕದಲ್ಲಿ ಕೂತು ನಾನು ಓದಿ ಹೇಳಿದೆ. ಸೇತುವೆಯ ತಲೆಯಿಲ್ಲದ ಭಟ ದಾರಿಗೆ ಅಡ್ಡ ನಿಂತಾಗ, “ಇದು ನಮ್ಮ ಮಾಣಿ ದನಿ ಅಲ್ದನೆ? ಥಂಡಿ ಆದಾಂಗಿದ್ದು” ಎಂದರು. ಎಲುಬಿನ ಸೈನಿಕರನ್ನು ಪೊರಕೆಯಲ್ಲಿ ಜೇಡರಬಲೆ ತೆಗೆದ ಹಾಗೆ ಸಲೀಸಾಗಿ ಸವರಿದರು. ಕೋಟೆ ತಲುಪಿದರು. ರಾಣಿ ಆಸ್ರಿಗೆ ಕೇಳಿದಳು. ಅತ್ತೆ ಕುಡಿದರು. ಆಮೇಲೆ ಪರದೆಯ ಮೇಲೆ ಉಳಿದದ್ದು ಒಂದೇ ದಾರಿ: ಕತ್ತಿ ಎತ್ತು. ನಾನು ಓದಿದೆ. ಅತ್ತೆ ಮೌಸ್ ಬಿಟ್ಟು ಕೈ ಮಡಚಿ ಕೂತರು.

“ಹೊಡಿ ಆಯಿ” ಎಂದಳು ನಾದಿನಿ.

“ಅದರ ಮನೆ ನೀರು ಕುಡದಾತು. ಈಗ ಆನು ಹೊಡೀತ್ನಿಲ್ಲೆ.”

“ಆಯಿ, ಇದು ಆಟ.”

“ಆಟ ಆಗಲಿ. ಕುಡದದ್ದು ಆನೇ ಅಲ್ದಾ?”

“ಸರಿ, ಹಿಂದಿಂದ ಶುರು ಮಾಡ್ತೆ. ಈ ಸಲ ಕುಡಿಯದೇ ಹೊಡಿ.”

“ಕರೆದು ಕೊಟ್ಟದ್ದು ಬೇಡ ಹೇಳದಾ? ಅದು ಮತ್ತೂ ಕೆಟ್ಟದು.”

ಅತ್ತೆ ಎದ್ದು ಹೋಗಿ ಬಾಳೆದಿಂಡು ಕೊಚ್ಚಲು ಕೂತರು. ನಾದಿನಿ ನನ್ನ ಮುಖ ನೋಡಿದಳು. ನಾನು ತಾರಸಿಯ ರಜಾಯಿ ಮಗುಚಿ ಹಾಕುವ ನೆಪ ಮಾಡಿ ಹೋದೆ.

ಹನ್ನೆರಡಕ್ಕೆ ಕೆಳಗಿನ ಅಂಗಡಿಯವರು ಷಟರ್ ಎಳೆದು ಬಂದರು. ಮನೆಯ ಮಾಲೀಕರೂ ಅವರೇ, ಅಂಗಡಿಯ ಹಿಂದೆಯೇ ಅವರ ಮನೆ. ಬನವಾಸಿ ಕಡೆಯವರು, ಐವತ್ತು ದಾಟಿದ ಗಟ್ಟಿ ಆಳು. ಬಾಡಿಗೆದಾರರಾದ ನಮ್ಮನ್ನು ಬೀಗರಂತೆ ನೋಡಿಕೊಳ್ಳುವ ಮನುಷ್ಯ. “ಯಾವ ದೆವ್ವ ಐತ್ರಿ, ತೋರಿಸ್ರಿ ಅಕ್ಕಾರ, ಹೊಡದು ಮಲಗಿಸ್ತೇನಿ” ಎನ್ನುತ್ತಲೇ ಕುರ್ಚಿ ಎಳೆದುಕೊಂಡರು. ನಾದಿನಿಯ ಮುಖಕ್ಕೆ ಜೀವ ಬಂತು. ಹೊಡೆದರು, ಬಿದ್ದರು, ಎದ್ದರು, ಸೇತುವೆಯಿಂದ ಎರಡು ಸಲ ಕೆಳಗೆ ಉರುಳಿದರು. ಕೋಟೆಗೆ ಬರುವಷ್ಟರಲ್ಲಿ ಅವರ ದಾರಿಹೋಕ ಅರೆಜೀವ. ರಾಣಿ ಕೊಟ್ಟ ಚೊಂಬನ್ನು ಗಟಗಟ ಕುಡಿಸಿ, “ಪಾಪ, ಚಲೋ ಹೆಣ್ಮಗಳು” ಎಂದು ಹೇಳಿ ಕತ್ತಿ ಬೀಸಿಯೇಬಿಟ್ಟರು. ಮೂರೇಟಿಗೆ ರಾಣಿ ನನ್ನ ದನಿಯಲ್ಲಿ ನರಳಿ, ಕುಕ್ಕರ್ ಸೀಟಿಯೊಡನೆ ಬಿದ್ದಳು. ಬೀಗದ ಕೈ ಸಿಕ್ಕಿತು.

ಅಂಗಡಿಯವರು ಅದನ್ನು ಎತ್ತಿಕೊಳ್ಳಲಿಲ್ಲ. ಕೊರಳ ಟವೆಲಿನಿಂದ ಮುಖ ಒರೆಸಿದರು.

“ಛೇ. ಸರಿ ಅನಸವಲ್ದು ನನಗ. ನೀರು ಕೊಟ್ಟಾಕಿನ್ನ ಹೊಡದ್ನೆಲ್ರಿ. ಹಿಂದ ಹೋಗೂ ಗುಂಡಿ ಎಲ್ಲೈತ್ರಿ ತಂಗಿ?”

ಹಿಂದೆ ಹೋದರೂ ಅಲ್ಲಿರುವುದು ಅದೇ ಕತ್ತಿ. ಅವರು ಇನ್ನೊಂದು ಸಲ ಚೊಂಬು ಖಾಲಿ ಮಾಡಿ, ರಾಣಿಯ ಮುಂದೆ ದಾರಿಹೋಕನನ್ನು ಸುಮ್ಮನೆ ನಿಲ್ಲಿಸಿ, “ಊಟ ಮಾಡಿ ಬರ್ತೇನ್ರಿ” ಎಂದು ಇಳಿದು ಹೋದರು.

ನಾದಿನಿ ಅಡಿಗೆಮನೆಗೆ ಬಂದು ಒರಳಿನ ಪಕ್ಕ ಕೂತಳು. ನಾನು ಕಾಯಿ ತುರಿಯುತ್ತಿದ್ದೆ. “ಅಳಿಸ್ತೆ ಅತ್ತಿಗೆ. ಇಬ್ಬರೂ ಒಂದೇ ಕಡೆ ನಿಂತ. ನಿನ್ನ ಆಸ್ರಿಗೆಯಿಂದ ಆತು ಎಲ್ಲ.” ಸಿಟ್ಟಿರಲಿಲ್ಲ ದನಿಯಲ್ಲಿ, ಸಿಟ್ಟಿದ್ದರೆ ಚೆನ್ನಾಗಿತ್ತು.

ನಾನು ತುರಿಯುವುದನ್ನು ನಿಲ್ಲಿಸಿದೆ. “ಬೇಲಿಗೂಟ ಹೊಡೆದು ಉರುಳ್ಸಕ್ಕೆ ಯಾರಾದರೂ ಹಿಂದೆಮುಂದೆ ನೋಡ್ತ್ವನೆ?” ಎಂದೆ.

ಅವಳು ಚಿಪ್ಪಿನೊಳಗಿನ ತುರಿಯನ್ನು ಬಾಯಿಗೆ ಹಾಕಿಕೊಂಡಳು. ಅವಳು ಯೋಚಿಸುವುದು ಹಾಗೆಯೇ.

ಬಾಳೆದಿಂಡಿನ ನೂಲು ಬೆರಳಿಗೆ ಸುತ್ತುತ್ತ ಅತ್ತೆ ಅಲ್ಲಿಂದಲೇ ಕೇಳಿದರು: “ಅಲ್ದೇ ಕೂಸೆ, ಆ ದಾರಿಹೋಕ ಬಂದದ್ದು ಎಂತಕ್ಕೆ?”

“ಬೀಗದ ಕೈಗೆ.”

“ಕೇಳಿದ್ನಾ?”

“ಎಂತ ಕೇಳದು?”

“ಬೀಗದ ಕೈ ಕೊಡು ಹೇಳಿ. ಅದು ಆಸ್ರಿಗೆ ಕೊಟ್ಚು, ಸರಿ. ಮತ್ತೆ ಕವಳದ ಬಟ್ಲು ಎಲ್ಲಿದ್ದು? ಕವಳ ಹಾಕಿ, ಬಂದ ಕೆಲಸ ಎಂತದು ಹೇಳಿ ಅದು ಕೇಳವು. ಇವ ಹೇಳವು. ಕೊಡದೇ ಹೋದ್ರೆ ಮತ್ತೆ ನೋಡನ. ಕೇಳದೇ ಹೊಡಿಯದು ಎಲ್ಲಿಯ ರೀತಿ?”

ನಿಜ. ನಾನು ಇಪ್ಪತ್ತೈದು ವರ್ಷದಿಂದ ಎಷ್ಟೋ ಜನರ ಮುಂದೆ ಎಲೆ ಅಡಿಕೆಯ ಬಟ್ಟಲು ಇಟ್ಟಿದ್ದೇನೆ. ಹೆಣ್ಣು ಕೇಳಲು ಬಂದವರಿರಲಿ, ಏಣಿ ಕೇಳಲು ಬಂದವರಿರಲಿ, ಕವಳ ಬಾಯಿಗೆ ಹೋದ ಮೇಲೆಯೇ ಬಂದ ಕೆಲಸ ಹೊರಗೆ ಬರುವುದು. ಆಸ್ರಿಗೆ ಬರೆದ ನಾನು ಅರ್ಧಕ್ಕೇ ಬಿಟ್ಟಿದ್ದೆ. ರಾಣಿಯ ಮರ್ಯಾದೆ ಕಳೆದವಳು ನಾನೇ.

ನಾದಿನಿ ಎದ್ದು ನಿಂತಿದ್ದಳು. “ಎಷ್ಟು ಹೊತ್ತಾತು? ಒಂದೂಮುಕ್ಕಾಲಾ? ಅತ್ತಿಗೆ, ಕಪಾಟಿಗೆ ಹೋಗು.”

ಕಪಾಟಿನಲ್ಲಿ ರಜಾಯಿ ಇರಲಿಲ್ಲ. ಎಲ್ಲ ತಾರಸಿಯ ಮೇಲೆ. ಇಬ್ಬರೂ ಓಡಿ, ಏಪ್ರಿಲ್ ಬಿಸಿಲಿಗೆ ಹಪ್ಪಳದಂತೆ ಕಾದಿದ್ದವನ್ನು ಎತ್ತಿ ತಂದು ಒಳಗೆ ತುಂಬಿದೆವು. ಅದರ ನಡುವೆ ನಾನು ಇಡ್ಲಿಯ ಹಾಗೆ ಬೇಯುತ್ತ ಕೂತೆ. ರಾಣಿಗೆ ಹೊಸ ಮಾತುಗಳು: “ಕೂತ್ಕ. ಕವಳ ಹಾಕು. ಈಗ ಹೇಳು, ಬಂದ ಕೆಲಸ ಎಂತದು?” ದಾರಿಹೋಕ ಬೀಗದ ಕೈ ಕೇಳಿದರೆ ಅವಳು ಏನನ್ನಬೇಕು? ಬರೆಯಲು ಹೊತ್ತಿರಲಿಲ್ಲ. ನಾದಿನಿ ಹೊರಗಿನಿಂದ ಬಾಗಿಲು ತಟ್ಟಿದಳು. ಬಾಯಿಗೆ ಬಂದದ್ದನ್ನು ಹೇಳಿದೆ: “ಅಷ್ಟೇಯಾ? ಮೊದಲೇ ಹೇಳಲಾಗಿತ್ತಲೆ ಮಾರಾಯ. ಇಷ್ಟು ವರ್ಷ ಬಂದವೆಲ್ಲ ಕತ್ತಿ ಹಿಡ್ಕಂಡೇ ಬಂದ. ಕೇಳಿದವ ನೀನೇ ಮೊದಲು.” ಹೊರಗೆ ನಾದಿನಿ ನಕ್ಕ ಸದ್ದು ಅದರಲ್ಲಿ ಸೇರಿ, ಅದನ್ನು ಮತ್ತೆ ನಾಲ್ಕು ಸಲ ಹೇಳಬೇಕಾಯಿತು. ಮೂರನೆಯದರಲ್ಲಿ ಮಾರುಕಟ್ಟೆಯ ಕಡೆಯಿಂದ ಯಾರದೋ ಸ್ಕೂಟರ್ ಹಾರ್ನ್.

ಆಮೇಲೆ ಬಟ್ಟಲಿನ ಸಮಸ್ಯೆ. ಆ ಆಟದ ಸಾಮಾನುಗಳಲ್ಲಿ ತಲೆಬುರುಡೆ ನಲವತ್ತು ಬಗೆ ಇದೆ, ಕವಳದ ಬಟ್ಟಲು ಇಲ್ಲ. ನಾದಿನಿ ಸೈನಿಕನ ದುಂಡು ಗುರಾಣಿಯೊಂದನ್ನು ಅಂಗಾತ ಮಲಗಿಸಿ, ಅಂಗೈಯಷ್ಟು ಚಿಕ್ಕದು ಮಾಡಿದಳು. ಕಾಡಿನ ಮರದಿಂದ ಆರು ಎಲೆ ಕಿತ್ತು ಅದರಲ್ಲಿಟ್ಟಳು. ಕವಣೆಕಲ್ಲುಗಳನ್ನು ಕೆಂಪಾಗಿಸಿ ಅಡಿಕೆ ಮಾಡಿದಳು. ಅತ್ತೆ ಹಿಂದೆ ನಿಂತು ನೋಡಿ, “ಸುಣ್ಣದ ಡಬ್ಬಿ?” ಎಂದರು. ಅದಕ್ಕೊಂದು ವಿಷದ ಶೀಶೆ ಸಿಕ್ಕಿತು.

ಐದೂವರೆಗೆ ಅಂಗಡಿಯವರು ಮತ್ತೆ ಬಂದರು. ತಮ್ಮ ದಾರಿಹೋಕ ರಾಣಿಯ ಎದುರು ಇನ್ನೂ ನಿಂತೇ ಇದ್ದಾನೋ ಎಂದು ಮೊದಲು ವಿಚಾರಿಸಿದರು. ಬಟ್ಟಲು ಕಂಡು, “ಹಾಂ, ಈಗ ಮಾತು” ಎಂದು ಸರಿದು ಕೂತರು. ನಾದಿನಿ ಕುರ್ಚಿಯ ಹಿಂದೆ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು. ಕವಳ ಆಯಿತು. ರಾಣಿ ಕೇಳಿದಳು. ಅವರು ಬೀಗದ ಕೈ ಕೇಳುವ ಸಾಲನ್ನು ಒತ್ತಿದರು. ನನ್ನ ಬೆಂದ ದನಿ ‘ಅಷ್ಟೇಯಾ?’ ಎಂದಿತು. ಅಂಗಡಿಯವರು ಎಷ್ಟು ಜೋರಾಗಿ ನಕ್ಕರೆಂದರೆ ಅವರ ಹೆಂಡತಿ ಕೆಳಗಿನಿಂದ ಏನಾಯಿತೆಂದು ಕೂಗಿದರು. ಬೀಗ ತೆರೆಯಿತು. ಅರಬೈಲ್ ತಿರುವುಗಳ ಮೇಲೆ, ಮಂಜಿನೊಳಗೆ, ಬೆಳಕು ಒಂದೊಂದಾಗಿ ಇಳಿಯಿತು. ಅದನ್ನು ಅವಳು ಮೂರು ವರ್ಷ ಕೂತು ಮಾಡಿಟ್ಟಿದ್ದಳು. ನಾನೂ ಆವತ್ತೇ ನೋಡಿದ್ದು.

ಅತ್ತೆಯೂ ಮತ್ತೆ ಕೂತು ಕೊನೆಯವರೆಗೆ ಆಡಿದರು. ಬೀಗದ ಕೈ ಕೈಗೆ ಬಂದ ಮೇಲೂ ಹೊರಡದೆ, “ಬತ್ತೆ ಹೇಳಿ ಹೇಳದು ಎಲ್ಲಿ ಒತ್ತವು?” ಎಂದು ಹುಡುಕಿದರು. ನಾದಿನಿ ಅದನ್ನೂ ಸೇರಿಸಿದಳು. “ಆತು, ಹೋಗಿ ಬಾ” ಎನ್ನಲು ನಾನು ಮತ್ತೊಮ್ಮೆ ಕಪಾಟು ಹೊಕ್ಕೆ. ಏಳೂ ಮುಕ್ಕಾಲಿಗೆ ಅವಳು ಕಳಿಸುವ ಗುಂಡಿ ಒತ್ತಿದಳು. ಅಂಗಡಿಯವರು ಒಂದು ಕವಳ ಹಾಕಿಕೊಂಡು ಹೋದರು, ನಿಜವಾದ್ದು.

ನಮ್ಮನೆಯವರು ಅಂಕೋಲೆಯಿಂದ ಎಂಟೂವರೆಗೆ ಬಂದರು. ಕಥೆಯೆಲ್ಲ ಕೇಳಿ, “ಅಂದ್ರೆ ಸೇತುವೆ ಮೇಲೆ ನನ್ನನ್ನ ಮಾತ್ರ ಎಲ್ಲರೂ ಹೊಡದ. ನಂಗೆ ಒಂದು ಚೊಂಬು ಕೊಡಲಾಗಿತ್ತಿಲ್ಯ?” ಎಂದರು.

“ತಲೆ ಇಲ್ಲದವ ಹೆಂಗೆ ಕುಡೀತೆ?” ಎಂದರು ಅತ್ತೆ.

ಊಟಕ್ಕೆ ಅನ್ನ, ಬಾಳೆದಿಂಡಿನ ಸಾಸಿವೆ, ಮಾವಿನಕಾಯಿಯ ಅಪ್ಪೆಹುಳಿ, ಸುಟ್ಟ ಹಲಸಿನ ಹಪ್ಪಳ, ಕಡೆಗೆ ಮಜ್ಜಿಗೆ. ನಾದಿನಿ ಅಪ್ಪೆಹುಳಿಯನ್ನು ಮೂರು ಲೋಟ ಕುಡಿದಳು. ರಜಾಯಿಗಳು ಇನ್ನೂ ಕಪಾಟಿನಲ್ಲೇ ಇದ್ದವು, ಯಾರಿಗೂ ಮಡಚುವ ತ್ರಾಣವಿರಲಿಲ್ಲ. ಮೊದಲು ನಿದ್ದೆ ಹೋದವಳು ಅವಳೇ. ಆಟದ ಬಗ್ಗೆ ಯಾರಾದರೂ ಏನಾದರೂ ಬರೆದರೋ ಎಂದು ಕೂಡ ನೋಡದೆ, ಫೋನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಮರೆತು.