ಅಮಾವಾಸ್ಯೆ ಗೊತ್ತಿಲ್ಲದ ಕ್ಯಾಲೆಂಡರ್

ಘೋಣಸಗಿಯ ಆಮ್ರಪಾಲಿ ಬಿಸಿಎ ಮುಗಿಸಿ ವಿಜಯಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಲಗ್ನಪತ್ರಿಕೆ, ಅರ್ಜಿ ಟೈಪು ಮಾಡುವುದೇ ಹೆಚ್ಚು. ಈ ಜನವರಿಯಲ್ಲಿ ಅವಳಿಗೆ ಮೊದಲ ಸ್ವಂತ ಕೆಲಸ ಸಿಕ್ಕಿತು: ತಿಕೋಟಾದ ಅಮರಪ್ಪನವರ ಒಣದ್ರಾಕ್ಷಿ ಶೆಡ್ಡಿಗೆ ಒಂದು ವೆಬ್ ಪುಟ. ತಾಯಿ ಪರಸವ್ವ ದ್ರಾಕ್ಷಿ ಹರವುವುದೂ ಅದೇ ಶೆಡ್ಡಿನಲ್ಲಿ. ಹೋದ ವರ್ಷ ಫೋನಿನಲ್ಲಿ ಹೇಳಿಕೊಂಡ ದಿನಗಳು ಗೊಂದಲವಾಗಿ ಇಬ್ಬರು ರೈತರ ಮಾಲು ಒಂದೇ ಮುಂಜಾನೆ ಬಂದು ನಿಂತಿತ್ತು. ಇನ್ನು ರೈತರು ಮಾಲು ತರುವ ದಿನವನ್ನು ಮೊಬೈಲಿನಲ್ಲೇ ಹಿಡಿಯಬೇಕು.

“ಸೋಮವಾರ ತೋರಸು. ಸರಿ ಅನಿಸಿದ್ರ ಇಟ್ಕೋತೀನಿ. ಇಲ್ಲಂದ್ರ ನನ್ನ ಲೆಕ್ಕದ ವಹಿನ ಛಲೋ,” ಎಂದಿದ್ದರು ಅಮರಪ್ಪ.

ದಿನ ಆರಿಸುವ ಕ್ಯಾಲೆಂಡರನ್ನು ಆಮ್ರಪಾಲಿ ತಾನೇ ಬರೆಯಲಿಲ್ಲ. ಕ್ಯಾಲೆಂಡರ್, ಗುಂಡಿ, ಪಟ್ಟಿ ಎಲ್ಲ ಸಿದ್ಧವಿರುವ ಜಾವಾಸ್ಕ್ರಿಪ್ಟ್ ವಿಜೆಟ್ ಟೂಲ್‌ಕಿಟ್ ಒಂದನ್ನು ಇಳಿಸಿಕೊಂಡು ಪುಟಕ್ಕೆ ಸೇರಿಸಿದಳು. ತೆರೆದರೆ ಖಾಲಿ ಚೌಕ! ಅರ್ಧ ದಿನ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಟೂಲ್‌ಕಿಟ್ ತರುವ ಸಾಲು ಕೆಳಗಿತ್ತು, ಅದನ್ನು ಕೆಲಸಕ್ಕೆ ಕರೆಯುವ ಸಾಲು ಮೇಲಿತ್ತು. ಬ್ರೌಸರ್ ಮೇಲಿನಿಂದ ಓದುತ್ತ ಬರುತ್ತದೆ. ಇನ್ನೂ ಬಾರದವರನ್ನು ಕರೆದರೆ ಓ ಎನ್ನುವವರು ಯಾರು? ಸಾಲು ಅದಲುಬದಲು ಮಾಡಿದಳು. ಚೌಕದಲ್ಲಿ ಇಡೀ ಫೆಬ್ರವರಿ ಮೂಡಿತು.

ಭಾನುವಾರ ಊರಿಗೆ ಹೋಗಿ ತಾಯಿಗೆ ತೋರಿಸಿದಳು. ಪರಸವ್ವ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

“ಇದರಾಗ ಅಮಾಸಿ ಎಲ್ಲೈತಿ?”

“ಇದನ್ನ ಹೊರದೇಶದವ್ರು ಮಾಡ್ಯಾರ ಬೇ. ಅವರಿಗೇನ್ ಗೊತ್ತ?”

“ಅವರಿಗೆ ಗೊತ್ತಿಲ್ಲ, ನಿನಗ? ಅಮಾಸಿಗೆ ನಾವ್ಯಾರೂ ಕೆಲಸಕ್ಕ ಹೋಗಂಗಿಲ್ಲ. ಅವತ್ತ ಯಾರರೆ ಗಾಡಿ ತುಂಬ್ಕೊಂಡು ಬಂದ್ರ ಹರವಾವ್ರು ಯಾರು? ನಿನ್ನ ಮಶೀನೇನು?”

ಆಮ್ರಪಾಲಿಗೆ ನಾಚಿಕೆಯಾಯಿತು. ಚಿಕ್ಕಂದಿನಿಂದ ಅಮಾವಾಸ್ಯೆಗೆ ಮಾತ್ರ ಅವ್ವ ಹಗಲು ಮನೆಯಲ್ಲಿ ಸಿಗುತ್ತಿದ್ದಳು.

ಟೂಲ್‌ಕಿಟ್ಟಿನ ಕೈಪಿಡಿ ತೆರೆದು ಓದುತ್ತಿದ್ದಂತೆ ಒಂದು ವಿಷಯ ಅವಳನ್ನು ಹಿಡಿದು ನಿಲ್ಲಿಸಿತು. ಒಂದೊಂದು ದಿನವನ್ನು ಬರೆಯುವ ಮೊದಲೂ ಆ ಕ್ಯಾಲೆಂಡರ್ ಪುಟವನ್ನು ಕೇಳುತ್ತದಂತೆ: ಈ ದಿನ ತೆರೆದಿಡಲೋ, ಮುಚ್ಚಲೋ? ಅದು ಇಷ್ಟು ದಿನ ಕೇಳುತ್ತಲೇ ಇತ್ತು. ಉತ್ತರ ಕೊಡುವವರು ಇರಲಿಲ್ಲ.

ಪರಸವ್ವ ಶಾಲೆ ಕಲಿತವಳಲ್ಲ. ಗೋಡೆಯ ಕ್ಯಾಲೆಂಡರಿನ ಕಪ್ಪು ಚಂದ್ರನ ಮೇಲೆ ಬೆರಳಿಡುತ್ತ ಹೋದಳು. ಮಗಳು ಆ ತಾರೀಖುಗಳನ್ನು ಮುಚ್ಚುವ ದಿನಗಳೆಂದು ಟೈಪು ಮಾಡಿದಳು.

ಸೋಮವಾರ ಅಮರಪ್ಪ ಮೊಬೈಲನ್ನು ಒತ್ತಿ ಒತ್ತಿ ನೋಡಿದರು.

“ಯವ್ವಾ, ಈ ತಾರೀಖು ಸತ್ತದಲ್ಲ!”

“ಅವತ್ತ ಅಮಾಸಿರಿ ಸಾವಕಾರ್ರ. ಅವ್ವನ ಗ್ಯಾಂಗ್ ಬರಂಗಿಲ್ಲ.”

ಅಮರಪ್ಪ ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ನೋಡಿ ಬಂದರು. ಮುಂದಿನ ತಿಂಗಳನ್ನೂ ತಾಳೆ ನೋಡಿದರು.

“ಇದಕ್ಕ ಯಾರು ಹೇಳ್ಯಾರ?”

“ನಮ್ಮವ್ವರಿ.”

ಅವರು ಶೆಡ್ಡಿನೊಳಗೆ ಮುಖ ಮಾಡಿ ಕೂಗಿದರು, “ಪರಸವ್ವಾ, ಯುಗಾದಿ ಯಾಕ ಬಿಟ್ಟಿ?”

“ನಾ ಚಂದ್ರನ್ನಷ್ಟ ಹೇಳೇನ್ರಿ! ಹಬ್ಬ ನೀವ ಹೇಳ್ರಿ!”

ಅಮರಪ್ಪ ವಹಿ ಮುಚ್ಚಿ ಬದಿಗಿಟ್ಟು, ಕುರ್ಚಿಯನ್ನು ಆಮ್ರಪಾಲಿಯ ಹತ್ತಿರ ಎಳೆದುಕೊಂಡರು. “ಬರಕೋ,” ಎಂದರು.