ಬಿಗಿ ಭಾಷೆಯ ಅನುಸೂಯಾ

ಅನುಸೂಯಾ ವಿಜಾಪುರದವಳು, ಯೆರವಡಾದ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದಳು. ನಾನು ಅವಳ ಪಕ್ಕದ ಮೇಜಿನವಳು. ಎರಡೂ ಕಡೆ ತೂಗಿ ನ್ಯಾಯ ಹೇಳುವ ಮನಸ್ಸು ನನಗಿಲ್ಲ, ನಾನು ಅವಳ ಕಡೆಯೇ.

ಅವಳಿಗೊಂದು ಹಟವಿತ್ತು. ಯಾವುದು ಸಂಖ್ಯೆ, ಯಾವುದು ಬರೀ ಬರಹ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡಬೇಕು, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಅದು ಅಲ್ಲೇ ತಡೆಯಬೇಕು. ಪ್ರೋಗ್ರಾಮ್ ಬರೆಯುವ ಭಾಷೆಗಳಲ್ಲಿ ಜಾವಾ ಹಾಗೆ ತಡೆಯುತ್ತಿತ್ತು. ಪಿಎಚ್‌ಪಿ ಎರಡನ್ನೂ ತಾನೇ ಹೊಂದಿಸಿಕೊಂಡು ಮುಂದೆ ಹೋಗುತ್ತಿತ್ತು. ಎದುರು ಮೇಜಿನ ಮಾಂತುವಿಗೆ ಅದೇ ಇಷ್ಟ. ಗುಲಬರ್ಗಾ ಕಡೆಯ ಅವನು ವಯಸ್ಸಿನಲ್ಲಿ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಿದ್ದ. ಅವಳ ಡಬ್ಬಿಯ ಅರ್ಧ ರೊಟ್ಟಿ ಅವನ ಹೊಟ್ಟೆಗೇ. ಚಹಾದ ಹೊತ್ತಿನಲ್ಲಿ ಇಬ್ಬರೂ ಕನ್ನಡದಲ್ಲಿ ಜಗಳಕ್ಕೆ ನಿಂತರೆ ಆಫೀಸಿನ ಮರಾಠಿ ಮಂದಿ ಏನೋ ಮನೆಯ ತಕರಾರು ಎಂದುಕೊಂಡು ನಗುತ್ತಿದ್ದರು.

“ಹೆಜ್ಜಿಗೊಮ್ಮೆ ಅಡ್ಡಗಾಲು ಹಾಕೋ ಭಾಷಿ ಯಾಕ ಬೇಕಕ್ಕ? ಕೆಲಸ ಮುಗೀಬೇಕೋ ಬ್ಯಾಡೋ?”

“ಅಂಕಿ ಕಂಡಿದ್ದೆಲ್ಲಾ ಸಂಖ್ಯಾ ಅಲ್ಲೋ ಮಾಂತು. ಮನಿ ನಂಬರ್ ಯಾರರ ಕೂಡಸ್ತಾರೇನು?”

2002ರಲ್ಲಿ ಚಾಕಣದ ಒಂದು ಕಾರ್ಖಾನೆಗೆ ಬಿಡಿಭಾಗ ಕಳಿಸುವ ಗೋದಾಮಿಗೆ ಪ್ರೋಗ್ರಾಮ್ ಬರೆದುಕೊಡುವ ಕೆಲಸ ನಮಗೆ ಬಂತು. ಅಲ್ಲಿ 0450 ನಂಬರಿನದು ಒಂದು ಭಾಗ, 450 ಬೇರೆಯದೇ ಭಾಗ. ಸಡಿಲ ಭಾಷೆ ಇವೆರಡನ್ನೂ ಒಂದೇ ಎಂದುಕೊಳ್ಳುತ್ತದೆ ಎಂದು ಅನುಸೂಯಾ ಜಾವಾಕ್ಕೇ ಪಟ್ಟು ಹಿಡಿದಳು. ನಮ್ಮ ಸಾಹೇಬ ದಿಗಂಬರನಿಗೆ ಅವಸರ, ಅವನಿಗೆ ಪಿಎಚ್‌ಪಿ ಬೇಕು. ಆಗ ಮಾಂತು ಅವಳ ಮೇಜಿಗೆ ಬಂದ.

“ಹೂಂ ಅನ್ನಕ್ಕ. ನಂಬರಿನ ತಪಾಸಣಿ ನೀನಽ ಬರಿ. ಅದಕ್ಕ ನಾ ಕೈ ಹಚ್ಚಂಗಿಲ್ಲ. ನಮ್ಮವ್ವನ ಆಣಿ.”

ಅಷ್ಟು ವರ್ಷದ ಹಟವನ್ನು ಅವಳು ಆ ಒಂದು ಮಾತಿಗೆ ಬಿಟ್ಟಳು. ಕಾರ್ಖಾನೆ ಕೇಳಿದ ನಂಬರಿಗೆ ಗೋದಾಮಿನಲ್ಲಿ ಒತ್ತಿದ ನಂಬರು ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಮುಂದೆ ಹೋಗದಂತೆ ತಡೆಯುವ ತಪಾಸಣೆ ಬರೆದಳು.

ಗೋದಾಮಿನವರಿಗೆ ಮೊದಲಿನ ಸೊನ್ನೆ ಬಿಟ್ಟು ಒತ್ತುವ ರೂಢಿ. ತಪಾಸಣೆ ಅವರನ್ನು ಮತ್ತೆ ಮತ್ತೆ ನಿಲ್ಲಿಸಿತು. ಅವರು ಮಾಂತುವಿಗೆ ಫೋನ್ ಹಚ್ಚಿ ಗೊಣಗಿದರು. ಅವನು ಅದನ್ನು ತೆಗೆದುಹಾಕಿದ. ಇನ್ನೊಬ್ಬರ ಪ್ರೋಗ್ರಾಮ್ ಮುಟ್ಟಿದರೆ ಅವರಿಗೆ ಹೇಳಬೇಕೆನ್ನುವುದು ನಮ್ಮ ಆಫೀಸಿನ ಪದ್ಧತಿ. ಅವನು ಹೇಳಲಿಲ್ಲ. ಸ್ವಲ್ಪ ದಿನದಲ್ಲೇ 0450ರ ಬದಲು 450 ಹೋಗಿ, ಚಾಕಣದಲ್ಲಿ ಕೆಲಸ ನಿಂತಿತು.

ದಿಗಂಬರ ಎಲ್ಲರನ್ನೂ ಕೂರಿಸಿ, ನಂಬರಿನ ಕೆಲಸ ಯಾರದೆಂದು ಕೇಳಿದ. ಬೆಳಿಗ್ಗೆಯೇ ಅನುಸೂಯಾ ಪ್ರೋಗ್ರಾಮ್ ತೆರೆದು ನೋಡಿದ್ದಳು. ತನ್ನ ತಪಾಸಣೆ ಅಲ್ಲಿಲ್ಲ, ಬದಲಾವಣೆಗಳ ದಾಖಲೆಯಲ್ಲಿ ತೆಗೆದವನ ಹೆಸರು ಮಾತ್ರ ಇದೆ, ಮಾಂತು. ಆದರೂ ಬಾಯಿ ಬಿಡದೆ ಮಾಂತುವನ್ನೇ ನೋಡಿದಳು. ತಾನಾಗಿಯೇ ಹೇಳುತ್ತಾನೆ ಎಂದು ಆ ಪುಣ್ಯಾತ್ಗಿತ್ತಿಯ ನಂಬಿಕೆ. ಅವನು ಗೋಡೆ ನೋಡುತ್ತಾ, “ಅದು ಅನುಸೂಯಾ ಮೇಡಂ ಕೆಲಸ” ಎಂದು ಮರಾಠಿಯಲ್ಲಿ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಉಪದೇಶ ಮಾಡಿದವಳದೇ ಈ ಗತಿಯೇ ಎಂದು ದಿಗಂಬರ ಹಂಗಿಸಿ, ಅವಳನ್ನು ಆ ಕೆಲಸದಿಂದ ತೆಗೆದ.

ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು. ನಾನು ಜೊತೆಗಿದ್ದೆ.

“ತಗದಾಂವ ನೀನು. ಯಾಕ ಹೇಳಲಿಲ್ಲೋ?”

“ನಾ ಹೊಸಬ ಅಕ್ಕ, ನನ್ನ ಮನಿಗೆ ಕಳಸ್ತಿದ್ರು. ನೀ ನನ್ನ ಬಿಟ್ಟು ಕೊಡಂಗಿಲ್ಲ ಅಂತ ಗೊತ್ತಿತ್ತು.”

ತಪ್ಪಾಯಿತು ಎಂದಿದ್ದರೆ ಅವಳು ಸುಮ್ಮನಾಗುತ್ತಿದ್ದಳೋ ಏನೋ. ತನ್ನ ಮಮತೆಯನ್ನೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದನಲ್ಲ ಎಂದು ಅವಳ ಮುಖ ಬಿಳುಪೇರಿತು. ಸರಸರ ಮೇಲೆ ಹತ್ತಿ, ದಿಗಂಬರನ ಕಂಪ್ಯೂಟರಿನಲ್ಲೇ ಎಲ್ಲ ತೋರಿಸಿದಳು. ದಿಗಂಬರ ಮಾಂತುವನ್ನು ಕರೆಸಿದ. ಅವನು ಬಂದು ಪರದೆ ನೋಡಿದ, ಆಮೇಲೆ ಅವಳನ್ನು ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

“ಅಕ್ಕ ಅಕ್ಕ ಅಂತಿದ್ದೆ,” ಎಂದ. “ಇಂಥಾ ಮೋಸ ಮಾಡ್ತಿ ಅನ್ಕೊಂಡಿರಲಿಲ್ಲ.”